ಗಿಡ್ಡ ಜೋಳದ ದಂಟಿನೊಳಗೆ



ಈ ಸಂಚಿಕೆಯಲ್ಲಿ ಜೋಳದ ವಿಷಯ. ರೊಟ್ಟಿಯ ವಿಷಯ ಅಲ್ಲ. ಅದನ್ನು ಬಾನುಲಿಯಲ್ಲಿ ಹೇಳಿ ಹೇಳಿ ನಿಮಗೂ ಸಾಕಾಗಿದೆ, ನನಗೂ ಹಸಿವಾಗಿದೆ! ಈ ಸಲ ದಂಟಿನ ಕಥೆ.

ಮುಂಬೈ, ಪುಣೆ, ಹೈದರಾಬಾದುಗಳಲ್ಲಿ ನೆಲೆ ನಿಂತಿರುವ ಉತ್ತರ ಕರ್ನಾಟಕದವರಿಗೆ ಹಿಂಗಾರಿ ಬಿಳಿಜೋಳದ ಹೊಲ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಆಳುದ್ದ ಮೀರಿದ ಬೆಳೆ. ಒಳಗೆ ಹೊಕ್ಕ ಮನುಷ್ಯ ಹೊರಗಿನವರಿಗೆ ಕಾಣುವುದಿಲ್ಲ. ಈಗಿನ ಗೋಧಿಯ ಹೊಲ, ಭತ್ತದ ಗದ್ದೆ ನೋಡಿ: ಸೊಂಟದ ಮಟ್ಟಕ್ಕೆ ಬಂದರೆ ಹೆಚ್ಚು. 1960ರ ದಶಕದಲ್ಲಿ ನಮ್ಮ ದೇಶದ ಗೋಧಿಯೂ ಭತ್ತವೂ ಗಿಡ್ಡವಾದವು, ನಾವು ಅದನ್ನು ಹಸಿರು ಕ್ರಾಂತಿ ಎಂದು ಕರೆದೆವು. ಜೋಳಕ್ಕೂ ಗಿಡ್ಡ ತಳಿ ಬಂತು. ಆದರೆ ಅದು ಗಿಡ್ಡವಾದ ಬಗೆಯೇ ಬೇರೆ. ಅಷ್ಟೇ ಅಲ್ಲ, ವಿಜಯಪುರದ (ಹಳಬರ ಬಾಯಲ್ಲಿ ಇನ್ನೂ ಬಿಜಾಪುರವೇ) ಎರೆಹೊಲದ ಹಿಂಗಾರಿಗೆ ಅದು ಒಗ್ಗಲೇ ಇಲ್ಲ. ಯಾಕೆ ಒಗ್ಗಲಿಲ್ಲ ಎಂಬುದು ರೈತರಿಗೆ ಮೊದಲಿನಿಂದಲೂ ಗೊತ್ತಿತ್ತು. ಗಿಡ್ಡವಾದ ಬಗೆ ಯಾಕೆ ಬೇರೆ ಎಂಬುದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಮಾತ್ರ ತೀರ ಇತ್ತೀಚೆಗೆ, 2014ರಲ್ಲಿ, ಸೂಕ್ಷ್ಮದರ್ಶಕದ ಕೆಳಗೆ.

ನಾನು ಓದಿದ್ದು ಕನ್ನಡ ಬಿ.ಎ. ಹಾಗಾಗಿ ನನಗೆ ಅರ್ಥವಾದ ಭಾಷೆಯಲ್ಲೇ ಹೇಳುತ್ತೇನೆ. ವಿಜ್ಞಾನ ಓದಿದವರು ನಗದೆ ಮುಂದೆ ಓದಬೇಕು!

ಮೊದಲು ದಂಟು ಬೆಳೆಯುವ ರೀತಿ. ಜೋಳದ ದಂಟಿಗೆ ಗೆಣ್ಣುಗಳಿವೆ, ಎರಡು ಗೆಣ್ಣುಗಳ ನಡುವೆ ನೀಳವಾದ ಭಾಗವಿದೆ. ಇದನ್ನು ಇಲ್ಲಿ 'ಅಂತರ' ಎಂದು ಕರೆಯೋಣ. ಮಾವಿನ ಗಿಡ ಬೆಳೆಯುವುದು ತುದಿಯಲ್ಲಿ. ಜೋಳ, ಕಬ್ಬು, ಭತ್ತ, ಗೋಧಿ, ಬಿದಿರು ಎಲ್ಲ ಹುಲ್ಲಿನ ಜಾತಿಯವು. ಇವು ತುದಿಯಲ್ಲೂ ಬೆಳೆಯುತ್ತವೆ, ಜೊತೆಗೆ ಒಂದೊಂದು ಗೆಣ್ಣಿನ ಮೇಲೂ ಬೆಳೆಯುತ್ತವೆ. ಎಳೆಯ ಹುಲ್ಲಿನ ಕಡ್ಡಿಯನ್ನು ಮೆಲ್ಲಗೆ ಎಳೆದರೆ ಗೆಣ್ಣಿನಿಂದ ಕಿತ್ತು ಬರುತ್ತದಲ್ಲ, ಆ ತಿಳಿಹಸಿರಿನ ಸಿಹಿಯಾದ ಬುಡವನ್ನು ಬಾಲ್ಯದಲ್ಲಿ ಚೀಪದವರು ಯಾರಿದ್ದಾರೆ? ಆ ಮೆತ್ತನೆಯ ಬುಡವೇ ಕಾರ್ಖಾನೆ. ಅಲ್ಲಿ ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತವೆ. ಒಡೆದ ಕೋಶಗಳು ಮೇಲಕ್ಕೆ ಸರಿದು, ಒಂದೊಂದೂ ತನ್ನ ಮೂಲ ಉದ್ದದ ಹಲವು ಪಟ್ಟು ನೀಳವಾಗುತ್ತದೆ. ಮೊದಲು ಎಣಿಕೆ ಹೆಚ್ಚುತ್ತದೆ, ಆಮೇಲೆ ಉದ್ದ ಹೆಚ್ಚುತ್ತದೆ. ದಂಟು ಎತ್ತರಕ್ಕೇರುವುದು ಈ ಎರಡೇ ಕೆಲಸಗಳಿಂದ.

ಹಾಗಾದರೆ ಗಿಡ ಗಿಡ್ಡವಾಗುವುದಕ್ಕೆ ಎಷ್ಟು ದಾರಿ? ಮುಂಬೈ ಕೇಳುಗರಿಗೆ ಲೋಕಲ್ ಗಾಡಿಯ ಲೆಕ್ಕದಲ್ಲಿ ಹೇಳಬಹುದು. ಹನ್ನೆರಡು ಡಬ್ಬಿಯ ಗಾಡಿಯ ಬದಲು ಒಂಬತ್ತು ಡಬ್ಬಿಯ ಗಾಡಿ ಬಂದರೆ ಅದು ಗಿಡ್ಡ ಗಾಡಿ. ಗಿಡದಲ್ಲಾದರೆ ಅಂತರಗಳ ಸಂಖ್ಯೆಯೇ ಕಡಿಮೆ. ಡಬ್ಬಿ ಅಷ್ಟೇ ಇದ್ದು, ಪ್ರತಿ ಡಬ್ಬಿಯಲ್ಲಿ ಆಸನದ ಸಾಲುಗಳು ಕಡಿಮೆಯಾದರೂ ಗಾಡಿ ಗಿಡ್ಡ: ಕೋಶಗಳ ಎಣಿಕೆ ಕಡಿಮೆ. ಸಾಲುಗಳೂ ಅಷ್ಟೇ ಇದ್ದು, ಒಂದೊಂದು ಆಸನಕ್ಕೆ ಕೊಟ್ಟ ಜಾಗ ಕುಗ್ಗಿದರೂ ಗಿಡ್ಡವೇ: ಕೋಶಗಳ ಉದ್ದ ಕಡಿಮೆ. ಹೊರಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ಮೊದಲನೆಯದು ಕಾಣುತ್ತದೆ, ಗೆಣ್ಣು ಎಣಿಸಿದರಾಯಿತು. ಉಳಿದೆರಡು ತಿಳಿಯಬೇಕಾದರೆ ಒಳಗೆ ಹೋಗಿ ನೋಡಬೇಕು.

ಒಳಗೆ ಹೋಗುವ ಬಾಗಿಲು ತೆರೆದದ್ದು ಇಂಗ್ಲೆಂಡಿನಲ್ಲಿ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳು ಚೂರೊಂದನ್ನು ಮಸೂರದಡಿ ಇಟ್ಟು, ಜೇನುಗೂಡಿನಂಥ ಪುಟ್ಟ ಪುಟ್ಟ ಕೋಣೆಗಳನ್ನು ಕಂಡು ಅವಕ್ಕೆ ಹೆಸರಿಟ್ಟ. ಅವನದೇ ಕಾಲದ ನೆಹೆಮಿಯಾ ಗ್ರೂ ಎಂಬ ವೈದ್ಯ 1682ರಲ್ಲಿ ಸಸ್ಯಗಳ ಒಡಲನ್ನು ಸೀಳಿ ನೋಡಿದ ಚಿತ್ರಗಳ ದೊಡ್ಡ ಪುಸ್ತಕವನ್ನೇ ತಂದ. ಅದರಲ್ಲಿನ ದಂಟುಗಳ ಅಡ್ಡಸೀಳಿನ ಚಿತ್ರಗಳು ಕುಸುರಿ ನೇಯ್ಗೆಯ ಹಾಗಿವೆ. ಆಮೇಲಿನ ಎರಡು ಶತಮಾನಗಳಲ್ಲಿ ಬಣ್ಣ ಹಾಕುವ ವಿದ್ಯೆ ಬಂತು. ಪಿ.ಯು.ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವರು ಬ್ಲೇಡಿನಿಂದ ದಂಟನ್ನು ತೆಳ್ಳಗೆ ಹೆರೆದು ಸಫ್ರಾನಿನ್ ಎಂಬ ಕೆಂಪು ಬಣ್ಣದಲ್ಲಿ ಅದ್ದಿದ್ದನ್ನು ಮರೆತಿರಲಾರರು. ಸಂಶೋಧನೆಯ ಕೋಣೆಯಲ್ಲಿ ಅದೇ ಕೆಲಸ ಇನ್ನಷ್ಟು ನಾಜೂಕು: ದಂಟಿನ ತುಣುಕಿನ ನೀರು ತೆಗೆದು, ಮೇಣ ತುಂಬಿ, ಮೈಕ್ರೋಟೋಮ್ ಎಂಬ ಯಂತ್ರದಲ್ಲಿ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತೆಳ್ಳಗೆ ಕೊಯ್ಯುವುದು. ಮೇಣದ ಪದರಗಳು ರಿಬ್ಬನ್ನಿನಂತೆ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಆಮೇಲೆ ಕೋಶಗಳನ್ನು ಒಂದೊಂದಾಗಿ ಎಣಿಸುವುದು, ಅಳೆಯುವುದು. ಬೇಸರದ ಕೆಲಸ ಎನ್ನಬೇಡಿ, ನಮ್ಮ ಕಥೆಯೆಲ್ಲ ನಿಂತಿರುವುದು ಆ ಎಣಿಕೆಯ ಮೇಲೆ.

ಗಿಡ್ಡ ಗಿಡದ ಮೊದಲ ದೊಡ್ಡ ಲೆಕ್ಕ ಮಾಡಿದವನು ಮಾತ್ರ ಸೂಕ್ಷ್ಮದರ್ಶಕ ಮುಟ್ಟದೆಯೇ ಮಾಡಿದ. ಬ್ರನೋ ಪಟ್ಟಣದ ಮಠದ ಸಂನ್ಯಾಸಿ ಗ್ರೆಗೊರ್ ಮೆಂಡೆಲ್ ಆರೇಳು ಅಡಿ ಎತ್ತರದ ಬಟಾಣಿಯನ್ನು ಒಂದು ಅಡಿಯ ಆಸುಪಾಸಿನ ಗಿಡ್ಡ ಬಟಾಣಿಯೊಂದಿಗೆ ಕೂಡಿಸಿದ. ಮೊದಲ ಪೀಳಿಗೆ ಎಲ್ಲವೂ ಎತ್ತರ. ಎರಡನೆಯ ಪೀಳಿಗೆಯ 1064 ಗಿಡಗಳಲ್ಲಿ 787 ಎತ್ತರ, 277 ಗಿಡ್ಡ. ಹೆಚ್ಚುಕಡಿಮೆ ಮೂರಕ್ಕೊಂದು. 1866ರಲ್ಲಿ ಅಚ್ಚಾದ ಈ ಲೆಕ್ಕ ಹೇಳಿದ್ದಿಷ್ಟು: ಗಿಡ್ಡತನ ಎಂಬುದು ಬರಿಯ ಸೊರಗುವಿಕೆಯಲ್ಲ, ಅದು ಗೊಬ್ಬರ ಹಾಕಿದರೆ ಹೋಗುವಂಥದ್ದಲ್ಲ, ಬೀಜದಲ್ಲಿ ಒಂದು ಗಟ್ಟಿ ಘಟಕವಾಗಿ ಮುಂದಿನ ತಲೆಮಾರಿಗೆ ಹೋಗುವಂಥದ್ದು. ಆದರೆ ಆ ಘಟಕ ದಂಟಿನೊಳಗೆ ಏನು ಮಾಡುತ್ತದೆ? ಅದು ಮೆಂಡೆಲನಿಗೆ ತಿಳಿಯುವ ಹಾಗಿರಲಿಲ್ಲ.

ಉತ್ತರದ ಎಳೆ ಸಿಕ್ಕಿದ್ದು ಗಿಡ್ಡ ಗಿಡದಲ್ಲಲ್ಲ, ವಿಪರೀತ ಎತ್ತರದ ಗಿಡದಲ್ಲಿ. ಜಪಾನಿನ ಭತ್ತದ ಗದ್ದೆಗಳಲ್ಲಿ ಒಂದು ರೋಗವಿತ್ತು. ಕೆಲವು ಸಸಿಗಳು ಇದ್ದಕ್ಕಿದ್ದಂತೆ ಬಡಕಲಾಗಿ, ಬಿಳುಚಿಕೊಂಡು, ನೆರೆಯ ಸಸಿಗಳನ್ನು ಮೀರಿ ಉದ್ದಕ್ಕೆ ಬೆಳೆದು, ಕಾಳು ಕಟ್ಟದೆ ಸಾಯುತ್ತಿದ್ದವು. ರೈತರು ಅದಕ್ಕಿಟ್ಟ ಹೆಸರು 'ಬಕಾನಾಯೆ'. ಪೆದ್ದ ಸಸಿ ಎಂದು ಅರ್ಥ. ನಮ್ಮಲ್ಲಿ ಬುದ್ಧಿ ಬೆಳೆಯದೆ ಉದ್ದ ಬೆಳೆದ ಹುಡುಗರಿಗೆ ಅಜ್ಜಿಯರು ಹೇಳುವ ಮಾತೂ ಹೆಚ್ಚುಕಡಿಮೆ ಇದೇ! 1926ರಲ್ಲಿ ತೈವಾನಿನಲ್ಲಿ ಕೆಲಸ ಮಾಡುತ್ತಿದ್ದ ಕುರೊಸಾವಾ ಎಂಬ ಜಪಾನಿ ವಿಜ್ಞಾನಿ ಇದು ಒಂದು ಶಿಲೀಂಧ್ರ ಸುರಿಸುವ ರಸದ ಪ್ರಭಾವ ಎಂದು ತೋರಿಸಿದ. ಶಿಲೀಂಧ್ರವನ್ನು ಸೋಸಿ ತೆಗೆದು ಬರಿ ರಸ ಹಾಕಿದರೂ ಸಸಿ ಉದ್ದವಾಯಿತು. 1935ರಲ್ಲಿ ಯಬುಟಾ ಆ ವಸ್ತುವಿಗೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು. ಜಪಾನಿನ ಹೊರಗಿನವರಿಗೆ ಇದರ ಮಹತ್ವ ಹೊಳೆದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ.

1956ರಲ್ಲಿ ಕ್ಯಾಲಿಫೋರ್ನಿಯದ ಬರ್ನಾರ್ಡ್ ಫಿನ್ನಿ ಗಿಡ್ಡ ಮೆಕ್ಕೆಜೋಳದ ಸಸಿಗಳಿಗೆ ಇದನ್ನು ಅತ್ಯಲ್ಪ ಪ್ರಮಾಣದಲ್ಲಿ ಹಾಕಿ ನೋಡಿದರು. ಕೆಲವು ಗಿಡ್ಡ ತಳಿಗಳು ಎತ್ತರದ ತಳಿಯಷ್ಟೇ ಬೆಳೆದವು, ಇನ್ನು ಕೆಲವು ಜಗ್ಗಲಿಲ್ಲ. ಅಂದರೆ ಗಿಡದೊಳಗೂ ಈ ಪದಾರ್ಥ ಇರಬೇಕು. ಕೆಲವು ಗಿಡ್ಡ ಗಿಡಗಳಿಗೆ ಅದನ್ನು ತಯಾರಿಸಲು ಬಾರದು. ಮೆಂಡೆಲನ ಗಿಡ್ಡ ಬಟಾಣಿಯ ಗುಟ್ಟೂ ಇದೇ ಎಂದು 1997ರಲ್ಲಿ ಖಚಿತವಾಯಿತು. ಜಿಬ್ಬರೆಲಿನ್ ತಯಾರಿಕೆಯ ಕೊನೆಯ ಹಂತದ ಒಂದು ಕೆಲಸಗಾರ ಪ್ರೋಟೀನು ಅದರಲ್ಲಿ ಸೋಮಾರಿ.

1950ರ ದಶಕದ ಕೊನೆಯಲ್ಲಿ ರಾಯ್ ಸ್ಯಾಕ್ಸ್ ಮತ್ತು ಆಂಟನ್ ಲ್ಯಾಂಗ್ ದಂಟಿನ ತುದಿಯನ್ನು ಉದ್ದಕ್ಕೆ ಸೀಳಿ ನೋಡಿದರು. ಎಲೆಗಳೆಲ್ಲ ನೆಲಕ್ಕೆ ಚಕ್ಕಳಮಕ್ಕಳ ಹಾಕಿ ಕುಳಿತಂತಿರುವ ಸಸ್ಯಕ್ಕೆ ಜಿಬ್ಬರೆಲಿನ್ ಹಾಕಿದರೆ, ತುದಿಯ ಸ್ವಲ್ಪ ಕೆಳಗಿನ ಭಾಗದಲ್ಲಿ ಕೋಶಗಳು ಒಡೆಯುವುದು ಥಟ್ಟನೆ ಹೆಚ್ಚುತ್ತಿತ್ತು. ಜಿಬ್ಬರೆಲಿನ್ ಕೋಶವನ್ನು ಬರಿ ಹಿಗ್ಗಿಸುತ್ತದೆ ಎಂದುಕೊಂಡಿದ್ದವರಿಗೆ ಅದು ಎಣಿಕೆಯನ್ನೂ ಹೆಚ್ಚಿಸುತ್ತದೆ ಎಂದು ತಿಳಿದದ್ದು ಹೀಗೆ. ಈ ಮಾತು ನೆನಪಿರಲಿ, ಮುಂದೆ ಜೋಳಕ್ಕೆ ಬೇಕಾಗುತ್ತದೆ.

ಗೋಧಿ, ಭತ್ತದ ಕಥೆ ನಿಮಗೆ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ಜಪಾನಿನಲ್ಲಿ 1935ರಲ್ಲಿ ಹೊರಬಂದ ನೋರಿನ್-10 ಎಂಬ ಗಿಡ್ಡ ಗೋಧಿಯ ಬೀಜ 1946ರಲ್ಲಿ ಅಮೆರಿಕ ಸೇರಿತು. ಅಲ್ಲಿಂದ ಮೆಕ್ಸಿಕೋದ ನಾರ್ಮನ್ ಬೊರ್ಲಾಗ್ ಅವರ ಕೈಗೆ. ಅವರ ತಳಿಗಳ 18,000 ಟನ್ ಬಿತ್ತನೆ ಬೀಜವನ್ನು ಭಾರತ 1966ರಲ್ಲಿ ಹಡಗಿನಲ್ಲಿ ತರಿಸಿತು. ಅದೇ 1966ರಲ್ಲಿ ಫಿಲಿಪ್ಪೀನ್ಸಿನಿಂದ ಐಆರ್-8 ಭತ್ತ ಬಂತು. ಎತ್ತರದ ಗಿಡಕ್ಕೆ ಗೊಬ್ಬರ ಹಾಕಿದರೆ ತೆನೆ ಭಾರವಾಗಿ, ಗಾಳಿಗೆ ಮಲಗಿಬಿಡುತ್ತಿತ್ತು. ಗಿಡ್ಡ ಗಿಡ ನಿಂತಿತು. ಐಆರ್-8ರಲ್ಲಿ ಜಿಬ್ಬರೆಲಿನ್ ತಯಾರಿಕೆಯೇ ಕುಂಠಿತ, ಗೋಧಿಯಲ್ಲಿ ಜಿಬ್ಬರೆಲಿನ್ ಇದ್ದರೂ ಅದರ ಮಾತು ಗಿಡದ ಕಿವಿಗೆ ಬೀಳುವುದಿಲ್ಲ. ಈ ವಿವರಗಳು ತಿಳಿದದ್ದು 1999 ಮತ್ತು 2002ರಲ್ಲಿ, ಅಂದರೆ ಮೂರು ದಶಕ ಉಂಡು ತೇಗಿದ ಮೇಲೆ. ಗೋಧಿಯ ಕೋಶಗಳನ್ನು ಅಳೆದವರು ಕಂಡದ್ದು ಮುಖ್ಯವಾಗಿ ಕೋಶದ ಉದ್ದದ ಕೊರತೆಯನ್ನು. ಆಸನದ ಸಾಲು ಅಷ್ಟೇ, ಕಾಲು ಚಾಚಲು ಜಾಗ ಕಡಿಮೆ.

ಭತ್ತದಲ್ಲಿ ಇನ್ನೂ ವಿಚಿತ್ರವಾದ ಗಿಡ್ಡಗಳಿವೆ. 1977ರಲ್ಲಿ ಜಪಾನಿನ ತಾಕೆದಾ ಅವರು ಗಿಡ್ಡ ಭತ್ತಗಳ ಅಂತರಗಳನ್ನು ಒಂದೊಂದಾಗಿ ಅಳೆದು ಗುಂಪು ಮಾಡಿದರು. ಕೆಲವದರಲ್ಲಿ ಎಲ್ಲ ಅಂತರಗಳೂ ಸಮನಾಗಿ ಕುಗ್ಗಿವೆ. ಕೆಲವದರಲ್ಲಿ ಮೇಲಿನಿಂದ ಎರಡನೆಯದು ಮಾತ್ರ ಕುಗ್ಗಿದೆ. ಇನ್ನು ಕೆಲವದರಲ್ಲಿ ಮೇಲಿನದೊಂದನ್ನು ಬಿಟ್ಟು ಉಳಿದವೆಲ್ಲ ಕುಗ್ಗಿವೆ. 2000ದಲ್ಲಿ ಇಂಥ ಒಂದು ಗಿಡ್ಡ ಭತ್ತದ ದಂಟನ್ನು ಸೀಳಿ ನೋಡಿದಾಗ, ಗೆಣ್ಣಿನ ಮೇಲಿನ ಆ ಕಾರ್ಖಾನೆಯೇ ಸರಿಯಾಗಿ ಏರ್ಪಟ್ಟಿರಲಿಲ್ಲ. ಕೋಶಗಳು ಕಂಬದ ಸಾಲಿನಂತೆ ನಿಲ್ಲಬೇಕಾದ ಕಡೆ ಸಂತೆಯ ಗುಂಪಿನಂತೆ ಅಡ್ಡಾದಿಡ್ಡಿ. ಅಲ್ಲಿ ಕೆಟ್ಟಿದ್ದು ಜಿಬ್ಬರೆಲಿನ್ ಅಲ್ಲ, ಬ್ರಾಸಿನೋಸ್ಟಿರಾಯ್ಡ್ ಎಂಬ ಬೇರೊಂದು ಹಾರ್ಮೋನಿನ ಸಂದೇಶ.

ಇನ್ನು ಜೋಳಕ್ಕೆ ಬರೋಣ.

ಜೋಳದ ತವರು ಆಫ್ರಿಕ. ಅಲ್ಲಿನ ಜೋಳವೂ ನಮ್ಮದರಂತೆ ಎತ್ತರದ್ದೇ. ಅದು ಅಮೆರಿಕಕ್ಕೆ ಹೋದ ಮೇಲೆ ಅಲ್ಲಿನ ರೈತರು ಹೊಲದಲ್ಲಿ ಆಗೊಂದು ಈಗೊಂದು ಕಾಣುತ್ತಿದ್ದ ಗಿಡ್ಡ ಗಿಡಗಳ ತೆನೆಗಳನ್ನು ಬೇರೆ ತೆಗೆದಿಟ್ಟರು. ಮೆಂಫಿಸ್ ಎಂಬಲ್ಲಿ 1905ರಲ್ಲಿ ಸಿಕ್ಕ ಗಿಡ್ಡತನವೇ ವ್ಯಾಪಕವಾಗಿ ಬಳಕೆಗೆ ಬಂದ ಮೊದಲನೆಯದು ಎನ್ನುತ್ತಾರೆ. ಅಲ್ಲಿನವರಿಗೆ ಗಿಡ್ಡ ಜೋಳ ಬೇಕಾದದ್ದು ಹೊಟ್ಟೆಪಾಡಿಗಿಂತ ಯಂತ್ರಕ್ಕಾಗಿ. ಕೊಯ್ದು, ಒಕ್ಕಿ, ಕಾಳು ಬೇರೆ ಮಾಡುವ ಕಂಬೈನ್ ಯಂತ್ರ ಎಂಟು ಹತ್ತು ಅಡಿಯ ಜೋಳವನ್ನು ನುಂಗಲಾರದು. ಹಾಗಾಗಿ ಅಲ್ಲಿನ ಒಂದು ಹೆಸರಾಂತ ತಳಿಯ ಹೆಸರೇ 'ಕಂಬೈನ್ ಕಾಫಿರ್-60'. ಬೆಳೆಗೆ ತಕ್ಕ ಯಂತ್ರವಲ್ಲ, ಯಂತ್ರಕ್ಕೆ ತಕ್ಕ ಬೆಳೆ. 1954ರಲ್ಲಿ ಟೆಕ್ಸಾಸಿನ ಕ್ವಿನ್ಬಿ ಮತ್ತು ಕಾರ್ಪರ್ ಜೋಳದ ಎತ್ತರವನ್ನು ಆಳುವ ನಾಲ್ಕು ಜೀನುಗಳನ್ನು ಗುರುತಿಸಿ ಒಂದು, ಎರಡು, ಮೂರು, ನಾಲ್ಕು ಎಂದು ಅಂಕಿ ಕೊಟ್ಟರು. ಒಂದು ಜೀನು ಕೆಟ್ಟರೆ ಸ್ವಲ್ಪ ಗಿಡ್ಡ, ಎರಡು ಕೆಟ್ಟರೆ ಇನ್ನಷ್ಟು, ಮೂರು ಕೆಟ್ಟರೆ ಯಂತ್ರಕ್ಕೆ ಸಲೀಸು. ಆದರೆ ಅವು ಕೆಟ್ಟಾಗ ದಂಟಿನೊಳಗೆ ಏನಾಗುತ್ತದೆ ಎಂಬುದು ಐವತ್ತು ವರ್ಷ ಕತ್ತಲಲ್ಲೇ ಉಳಿಯಿತು.

ಮೊದಲು ಬೆಳಕು ಬಿದ್ದದ್ದು ಮೂರನೆಯದರ ಮೇಲೆ. 2003ರಲ್ಲಿ ದಿಲ್‌ಬಾಗ್ ಮುಲ್ತಾನಿ, ಗುರ್ಮುಖ್ ಜೋಹಲ್ ಮತ್ತು ಸಂಗಡಿಗರು ಅದನ್ನು ಬಿಡಿಸಿದರು. ಅದು ಆಕ್ಸಿನ್ ಎಂಬ ಹಾರ್ಮೋನನ್ನು ಕೋಶದಿಂದ ಹೊರಗೆ ದಬ್ಬುವ ಪಂಪು. ಕ್ಯಾನ್ಸರ್ ಕೋಶಗಳು ಔಷಧಿಯನ್ನು ಹೊರಗೆ ದಬ್ಬಿ ಪಾರಾಗುತ್ತವಲ್ಲ, ಆ ಪಂಪಿನ ಕುಲದ್ದೇ ಇದು! ಇದು ಕೆಟ್ಟರೆ ದಂಟಿನ ಕೆಳಗಿನ ಅಂತರಗಳು ಒತ್ತೊತ್ತಾಗಿ ಕೂರುತ್ತವೆ, ಮೇಲೆ ತೆನೆ ಹೊತ್ತ ಭಾಗ ಕುಗ್ಗುವುದಿಲ್ಲ.

ಈ ಮೂರನೆಯ ಜೀನಿನ ವಿಷಯದಲ್ಲಿ ಕನ್ನಡ ಬಿ.ಎ.ಯವರಿಗೆ ಖುಷಿ ಕೊಡುವ ಸಂಗತಿಯೊಂದಿದೆ. ಗಿಡ್ಡ ಜೋಳದ ಹೊಲದಲ್ಲಿ ನೂರಾರು ಗಿಡಗಳ ನಡುವೆ ಒಂದು ಗಿಡ ದಿಢೀರನೆ ಎತ್ತರವಾಗಿ ನಿಲ್ಲುವುದುಂಟು. ಬೀಜದಲ್ಲಿ ಕಲಬೆರಕೆ ಎಂದು ರೈತ ಅಂಗಡಿಯವನನ್ನು ಬೈಯುತ್ತಾನೆ. ಕಾರ್ಪರ್ 1932ರಲ್ಲೇ ಇದನ್ನು ಗಮನಿಸಿ, ಇದು ಕಲಬೆರಕೆಯಲ್ಲ, ಗಿಡವೇ ಮತ್ತೆ ಮತ್ತೆ ಹೀಗೆ ಬದಲಾಗುತ್ತದೆ ಎಂದಿದ್ದರು. 2003ರಲ್ಲಿ ಕಾರಣ ಕಂಡಿತು. ಓಲೆಗರಿ ಪ್ರತಿ ಮಾಡುವ ಲಿಪಿಕಾರ ಕಣ್ಣು ತಪ್ಪಿ ಒಂದೇ ಸಾಲನ್ನು ಎರಡು ಸಲ ಬರೆದುಬಿಡುತ್ತಾನಲ್ಲ, ಹಾಗೆ ಈ ಜೀನಿನಲ್ಲಿ 882 ಅಕ್ಷರಗಳ ಒಂದು ಭಾಗ ಎರಡು ಸಲ ಬರೆದುಹೋಗಿದೆ. ಅರ್ಥ ಕೆಟ್ಟು ಪಂಪು ನಿಂತಿದೆ. ಮುಂದೆ ಎಂದೋ ಒಮ್ಮೆ, ಜೀನುಗಳು ಅದಲುಬದಲಾಗುವಾಗ, ಹೆಚ್ಚಾದ ಸಾಲು ತಾನಾಗಿ ಬಿಟ್ಟುಹೋಗುತ್ತದೆ. ಪಾಠ ಶುದ್ಧವಾಯಿತು, ಗಿಡ ಎತ್ತರವಾಯಿತು. ಗ್ರಂಥಸಂಪಾದನೆಯ ತರಗತಿಯಲ್ಲಿ ಇಂಥ ಉದಾಹರಣೆ ಸಿಕ್ಕಿದ್ದರೆ ನಾವು ಯಾರೂ ತೂಕಡಿಸುತ್ತಿರಲಿಲ್ಲ.

ಮೊದಲನೆಯ ಜೀನು, ಅಂದರೆ 1905ರದು, ಬಿಡಿಸಿಕೊಂಡದ್ದು 2016ರಲ್ಲಿ. ಜಪಾನಿನ ಸಂಶೋಧಕರು ಈ ಒಂದು ಜೀನು ಬಿಟ್ಟರೆ ಮಿಕ್ಕೆಲ್ಲ ವಿಷಯದಲ್ಲಿ ಅವಳಿಗಳಂತಿರುವ ಎರಡು ಜೋಳಗಳನ್ನು ಬೆಳೆಸಿದರು. ದಂಟನ್ನು ಉದ್ದಕ್ಕೆ ಸೀಳಿ ಒಳಗಿನ ಬೆಂಡಿನ ಕೋಶಗಳನ್ನು ಅಳೆದರು. ಎತ್ತರದ್ದರಲ್ಲೂ ಗಿಡ್ಡದ್ದರಲ್ಲೂ ಕೋಶಗಳ ಉದ್ದ ಹೆಚ್ಚುಕಡಿಮೆ ಒಂದೇ! ವ್ಯತ್ಯಾಸ ಇದ್ದದ್ದು ಎಣಿಕೆಯಲ್ಲಿ. ಗೋಧಿಯಲ್ಲಿ ಆಸನಗಳು ಇಕ್ಕಟ್ಟು, ಜೋಳದಲ್ಲಿ ಸಾಲುಗಳೇ ಕಡಿಮೆ. ನಾವು ಬೆಂಡು ಎಂದು ಆಟದ ಗಾಡಿ ಮಾಡಿದ ಆ ಬಿಳಿಯ ಹಗುರ ಭಾಗದಲ್ಲಿ ನೂರು ವರ್ಷದ ಹಳೆಯ ಲೆಕ್ಕ ಅಡಗಿತ್ತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒಂದು ಪಂಪಿನ ದೋಷ, ಇನ್ನೊಂದು ಕೋಶಗಳ ಎಣಿಕೆಯ ದೋಷ. ಗೋಧಿಗೂ ಭತ್ತಕ್ಕೂ ಬಂದ ಜಿಬ್ಬರೆಲಿನ್ ದಾರಿ ಜೋಳಕ್ಕೆ ಯಾಕೆ ಬರಲಿಲ್ಲ? ಜೋಳದಲ್ಲೂ ಜಿಬ್ಬರೆಲಿನ್ ಇದೆ. ಅದನ್ನು ತಯಾರಿಸುವ ಜೀನುಗಳೂ ಇವೆ, ಅವು ಆಗಾಗ ಕೆಡುವುದೂ ಸಹಜ. ಸಾವಿರಾರು ವರ್ಷ ಲಕ್ಷಾಂತರ ರೈತರು ಜೋಳದ ಹೊಲದಲ್ಲಿ ತೆನೆ ಆರಿಸುತ್ತ ಬಂದಿದ್ದಾರೆ. ಅವರಲ್ಲಿ ಒಬ್ಬರ ಕಣ್ಣಿಗೂ ಅಂಥ ಗಿಡ್ಡ ಬೀಳಲಿಲ್ಲವೇ?

2014ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದಲ್ಲಿ ರೇನಾಂಟೆ ಆರ್ಡೋನಿಯೋ ಮತ್ತು ಸಂಗಡಿಗರು ಇದಕ್ಕೆ ಉತ್ತರ ಕೊಟ್ಟರು. ಅವರು ತೆಗೆದುಕೊಂಡದ್ದು ಜಿಬ್ಬರೆಲಿನ್ ತಯಾರಿಕೆಯ ಆರಂಭದ ನಾಲ್ಕು ಜೀನುಗಳಲ್ಲಿ ಯಾವುದಾದರೂ ಒಂದು ಕೆಟ್ಟ ಜೋಳದ ಗಿಡಗಳನ್ನು. ಅವು ತೀರ ಗಿಡ್ಡವಾಗಿದ್ದವು, ಅದು ನಿರೀಕ್ಷಿಸಿದ್ದೇ. ಆದರೆ ಅವುಗಳ ದಂಟು ನೆಟ್ಟಗೆ ನಿಲ್ಲದೆ ಡೊಂಕಾಗಿತ್ತು. ಗಾಳಿಗೆ ಬಿದ್ದದ್ದಲ್ಲ, ಭಾರಕ್ಕೆ ಬಾಗಿದ್ದಲ್ಲ, ಬೆಳೆಯುತ್ತಲೇ ಬಾಗಿದ್ದು.

ಬಾಗಿದ ಅಂತರವನ್ನು ಸೀಳಿ ಮಸೂರದಡಿ ಇಟ್ಟಾಗ ಗುಟ್ಟು ಬಯಲಾಯಿತು. ದಂಟಿನ ಮೇಲ್ಬದಿಗೂ ಕೆಳಬದಿಗೂ ಕೋಶಗಳು ಒಡೆದ ಪ್ರಮಾಣ ಸಮವಾಗಿರಲಿಲ್ಲ. ಜೋಡೆತ್ತಿನ ಗಾಡಿಯಲ್ಲಿ ಒಂದು ಎತ್ತು ಬಿರುಸಾಗಿ, ಇನ್ನೊಂದು ನಿಧಾನವಾಗಿ ಹೆಜ್ಜೆ ಹಾಕಿದರೆ ಗಾಡಿ ದಾರಿ ಬಿಟ್ಟು ತಿರುಗುತ್ತದಲ್ಲ, ಹಾಗೆ. ಅಂದರೆ ಜೋಳದಲ್ಲಿ ಜಿಬ್ಬರೆಲಿನ್ ಎತ್ತರ ಕೊಡುವುದರ ಜೊತೆಗೆ ದಂಟಿನ ಎರಡೂ ಮಗ್ಗುಲನ್ನು ಒಂದೇ ಹೆಜ್ಜೆಯಲ್ಲಿ ನಡೆಸುವ ಕೆಲಸವನ್ನೂ ಮಾಡುತ್ತದೆ. ಜಿಬ್ಬರೆಲಿನ್ ಹಾಕಿದರೆ ಡೊಂಕೂ ಇಳಿಯಿತು, ಗಿಡ್ಡತನವೂ ಇಳಿಯಿತು. ತದ್ವಿರುದ್ಧವಾಗಿ, ಒಳ್ಳೆಯ ಎತ್ತರದ ಜೋಳಕ್ಕೆ ಜಿಬ್ಬರೆಲಿನ್ ತಯಾರಿಕೆಯನ್ನು ತಡೆಯುವ ರಾಸಾಯನಿಕ ಹಾಕಿದರೆ ಅದೂ ಗಿಡ್ಡವಾಗಿ ಬಾಗಿತು. ಎಷ್ಟು ಹೆಚ್ಚು ಹಾಕಿದರೆ ಅಷ್ಟು ಹೆಚ್ಚು ಡೊಂಕು.

ಆ ಸಂಶೋಧಕರ ಊಹೆ ಏನೆಂದರೆ, ಜಿಬ್ಬರೆಲಿನ್ ಕೊರತೆಯ ಗಿಡ್ಡ ಜೋಳ ಹೊಲದಲ್ಲಿ ಕಾಣಿಸಿಕೊಂಡಿದ್ದರೂ ಯಾವ ರೈತನೂ ಅದರ ತೆನೆ ಆರಿಸಿರಲಾರ. ಗಿಡ್ಡತನಕ್ಕೆ ಡೊಂಕು ಅಂಟಿಕೊಂಡೇ ಬರುತ್ತಿತ್ತು. ಬೀಜಕ್ಕೆಂದು ತೆನೆ ಆರಿಸುವಾಗ ಸೊಟ್ಟ ಗಿಡದತ್ತ ಕೈ ಹೋಗುವುದುಂಟೇ? ನನಗಂತೂ ಈ ಊಹೆ ಬಹಳ ಹಿಡಿಸಿತು. ಹೆಸರಿಲ್ಲದ ರೈತರು ಬೇಡವೆಂದು ಬಿಟ್ಟದ್ದೂ ಚರಿತ್ರೆಯೇ ಅಲ್ಲವೇ? ನಮ್ಮ ಪಠ್ಯಪುಸ್ತಕಗಳು ಆರಿಸಿಕೊಂಡದ್ದರ ಚರಿತ್ರೆಯನ್ನಷ್ಟೇ ಹೇಳುತ್ತವೆ.

ಈಗ ನಮ್ಮ ಕಡೆಗೆ. 1954ರಲ್ಲಿ ಅಮೆರಿಕದ ಸ್ಟೀಫನ್ಸ್ ಮತ್ತು ಹಾಲೆಂಡ್ ಪರಾಗ ಕಟ್ಟದ ಜೋಳವನ್ನು ಕಂಡುಹಿಡಿದ ಮೇಲೆ ಸಂಕರ ಬೀಜ ತಯಾರಿಸುವುದು ಸುಲಭವಾಯಿತು. ಭಾರತದ ಮೊದಲ ಸಂಕರ ಜೋಳ ಸಿಎಸ್‌ಎಚ್-1 ಬಂದದ್ದು 1964ರಲ್ಲಿ. ಅದರ ತಾಯಿ ಯಾರು ಗೊತ್ತೇ? ಅದೇ ಕಂಬೈನ್ ಕಾಫಿರ್-60. ಹೀಗೆ ಅಮೆರಿಕದ ಯಂತ್ರಕ್ಕಾಗಿ ಕುಗ್ಗಿಸಿದ ದಂಟು, ಕಂಬೈನ್ ಯಂತ್ರದ ಹೆಸರೇ ಕೇಳದ ನಮ್ಮ ಹೊಲಕ್ಕೆ ಬಂತು. ಮುಂಗಾರಿಯಲ್ಲಿ ಅದು ಗೆದ್ದದ್ದು ನಿಜ. ಬೇಗ ಬರುತ್ತಿತ್ತು, ಕಾಳಿನ ಇಳುವರಿ ಹೆಚ್ಚು. ಆದರೆ ಬೇಗ ಬರುವುದೇ ತೊಡಕೂ ಆಯಿತು. ಮಳೆ ನಿಲ್ಲುವ ಮೊದಲೇ ತೆನೆ ಬಲಿತು ಕಾಳಿಗೆ ಬೂಷ್ಟು ಹತ್ತುತ್ತಿತ್ತು. ಬೂಷ್ಟು ಹತ್ತಿದ ಕಾಳಿನ ರೊಟ್ಟಿ ತಿನ್ನುವವರಾರು? ಅದರಲ್ಲಿ ಬಹುಪಾಲು ಕೋಳಿ, ದನಗಳ ಆಹಾರಕ್ಕೆ ಹೋಯಿತು.

ಹಿಂಗಾರಿಯ ಮಾತೇ ಬೇರೆ. ಮಳೆಗಾಲದ ಕೊನೆಗೆ ಬಿತ್ತಿ, ಎರೆಮಣ್ಣು ಹಿಡಿದಿಟ್ಟ ತೇವದ ಮೇಲೆಯೇ ಚಳಿಗಾಲ ಕಳೆದು ಬರುವ ಬೆಳೆ. ಇಲ್ಲಿ ರಾಜ ಮಾಲದಂಡಿ. ಎಂ 35-1 ಎಂದು ದಾಖಲೆಯಲ್ಲಿರುವ ಈ ತಳಿಯನ್ನು 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಅಲ್ಲಿನ ನಾಡತಳಿಯಿಂದಲೇ ಆರಿಸಿ ತೆಗೆದರು. ಮುತ್ತಿನಂಥ ದಪ್ಪ ಬಿಳಿ ಕಾಳು, ಎತ್ತರದ ದಂಟು. ಆಮೇಲೆ ಎಷ್ಟೋ ಹೊಸ ತಳಿಗಳು ಬಂದರೂ ವಿಜಯಪುರ, ಕಲಬುರಗಿ, ಸೊಲ್ಲಾಪುರದ ಹಿಂಗಾರಿ ಹೊಲಗಳಿಂದ ಇದನ್ನು ಕದಲಿಸಲಾಗಿಲ್ಲ.

ಯಾಕೆಂದು ಹೊಲದವರನ್ನು ಕೇಳಿದರೆ ಮೊದಲು ರೊಟ್ಟಿಯ ರುಚಿ ಹೇಳುತ್ತಾರೆ, ಮರುಕ್ಷಣವೇ ಕಣಿಕೆ ಎನ್ನುತ್ತಾರೆ. ತೆನೆ ಮುರಿದ ಮೇಲೆ ಉಳಿದ ದಂಟೇ ಕಣಿಕೆ. ಸಿವುಡು ಕಟ್ಟಿ ಬಣವೆ ಒಟ್ಟಿದರೆ ಬೇಸಿಗೆ ಪೂರ್ತಿ ಎತ್ತು, ಎಮ್ಮೆಗಳ ಹೊಟ್ಟೆಗೆ ಅದೇ. ಭತ್ತದ ದಂಟು ಕುಗ್ಗಿದರೆ ನೀರಾವರಿಯ ಊರಿನಲ್ಲಿ ಬೇರೆ ಹಸಿರು ಮೇವು ಬೆಳೆಯಬಹುದು. ಒಣಭೂಮಿಯಲ್ಲಿ ದಂಟು ಕುಗ್ಗಿತೆಂದರೆ ಬಣವೆ ಕುಗ್ಗಿತು, ಬಣವೆ ಕುಗ್ಗಿತೆಂದರೆ ಮಾರ್ಚ್ ತಿಂಗಳಲ್ಲಿ ಎತ್ತು ಸಂತೆಗೆ ಹೋಯಿತು. 1972ರ ಬರ ಕಂಡವರನ್ನು ಕೇಳಿ. ಆಗ ಮೇವಿಲ್ಲದೆ ಜನ ಸಿಕ್ಕ ಬೆಲೆಗೆ ದನ ಮಾರಿದರು. ಸೊಲ್ಲಾಪುರದ ಕಡೆಯಿಂದ, ನಮ್ಮ ಉತ್ತರದ ಜಿಲ್ಲೆಗಳಿಂದ ಎಷ್ಟೋ ಸಂಸಾರಗಳು ಪುಣೆ, ಮುಂಬೈ ದಾರಿ ಹಿಡಿದವು. ಈ ಪುಟ ಓದುತ್ತಿರುವ ಕೆಲವರ ಮನೆತನದ ಕಥೆಯೂ ಅಲ್ಲಿಂದಲೇ ಶುರುವಾಗಿರಬಹುದು.

ಗೋಧಿಯ ದಂಟು ತಳಿವಿಜ್ಞಾನಿಯ ಲೆಕ್ಕದಲ್ಲಿ ತೆನೆ ಹೊರುವ ಕಂಬ. ಅದಕ್ಕೆ ಹೋದ ಶಕ್ತಿ ಉಳಿದರೆ ಕಾಳಿಗೆ ಸಿಗುತ್ತದೆ ಎಂಬುದು ಸರಿಯೇ. ಜೋಳದ ದಂಟಿಗೆ ಇದೇ ಲೆಕ್ಕ ಹಚ್ಚಿದ್ದು ಒಣಭೂಮಿಗೆ ಹೊಂದಲಿಲ್ಲ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ದಂಟು ಇನ್ನೊಂದು ಬೆಳೆ. ವಿಜ್ಞಾನಿಗಳಿಗೂ ಇದು ಅರಿವಾಗದೆ ಇಲ್ಲ. ಹಿಂಗಾರಿ ಜೋಳದ ಸಂಶೋಧನೆಯಲ್ಲಿ ಕಾಳಿನ ಜೊತೆಗೆ ಕಣಿಕೆಯ ತೂಕವನ್ನೂ ನೋಡುವುದು ಈಗ ವಾಡಿಕೆ. ಹೈದರಾಬಾದಿನ ಕೇಳುಗರಿಗೆ ಗೊತ್ತಿರಬಹುದು, ಅವರ ಊರಿನ ಪಕ್ಕದ ಪಟಾನ್‌ಚೆರುವಿನಲ್ಲಿ 1972ರಿಂದ ಇರುವ ಇಕ್ರಿಸ್ಯಾಟ್ ಸಂಸ್ಥೆಯವರು ಕಣಿಕೆಯ ಗುಣಮಟ್ಟವನ್ನೂ, ಅಂದರೆ ದನಕ್ಕೆ ಅದು ಎಷ್ಟು ಜೀರ್ಣವಾಗುತ್ತದೆ ಎಂಬುದನ್ನೂ, ಅಳೆಯುತ್ತಾರೆ.

ಹಾಗೆಂದು ಎತ್ತರದ ದಂಟಿಗೆ ಕಷ್ಟವೇ ಇಲ್ಲವೆಂದಲ್ಲ. ಕಾಳು ಕಟ್ಟುವ ಹೊತ್ತಿಗೆ ಎರೆಯ ತೇವ ಆರಿಹೋದರೆ ಇದ್ದಿಲು ಕೊಳೆ ಎಂಬ ರೋಗ ಬುಡದ ಬೆಂಡನ್ನು ತಿಂದು ಕರ್ರಗೆ ಮಾಡುತ್ತದೆ, ನಿಂತ ಬೆಳೆ ಮಲಗುತ್ತದೆ. ಗಿಡ್ಡ ಮಾಡಿದರೆ ನಿಂತೀತು, ಆದರೆ ಮೇವು ಹೋಯಿತು. ಉದ್ದ ಬಿಟ್ಟರೆ ಮೇವು ಉಂಟು, ಬೀಳುವ ಭಯವೂ ಉಂಟು. ಎಷ್ಟು ಕೋಶ, ಎಷ್ಟು ಉದ್ದ, ಯಾವ ಅಂತರದಲ್ಲಿ ಎಂಬ ಹುಡುಕಾಟ ಇದೇ ಇಕ್ಕಟ್ಟಿನಲ್ಲಿ ನಡೆದಿದೆ. ಕೆಳಗಿನ ಅಂತರಗಳನ್ನಷ್ಟೇ ಒತ್ತುವ ಮೂರನೆಯ ಜೀನು, ಎಣಿಕೆ ಇಳಿಸುವ ಮೊದಲನೆಯ ಜೀನು, ಇವೆರಡೂ ಕೂಡಿದಾಗ ಪರಿಣಾಮ ಬರಿ ಕೂಡಿಕೆಯ ಲೆಕ್ಕವನ್ನು ಮೀರುತ್ತದೆ ಎಂದೂ 2016ರ ಅಧ್ಯಯನ ತೋರಿಸಿತ್ತು.

ಅಂದ ಹಾಗೆ, ಈ ಪುಟದಲ್ಲಿ ನಾನು 'ಅಂತರ' ಎಂದು ಕರೆದ ಭಾಗಕ್ಕೆ, ಎರಡು ಗೆಣ್ಣಿನ ನಡುವಿನ ತುಂಡಿಗೆ, ನಿಮ್ಮೂರ ಕಡೆ ಬೇರೆ ಹೆಸರೇ ಇದ್ದೀತು. ಕಬ್ಬಿನದಕ್ಕೊಂದು, ಬಿದಿರಿನದಕ್ಕೊಂದು, ಜೋಳದ್ದಕ್ಕೊಂದು ಹೆಸರು ಇದ್ದರೂ ಇದ್ದೀತು. ಮನೆಯ ಹಿರಿಯರನ್ನು ಕೇಳಿ, ಊರಿನ ಹೆಸರಿನೊಂದಿಗೆ ನಿಲಯದ ವಿಳಾಸಕ್ಕೆ ಬರೆದು ಕಳಿಸಿ. ಬಂದ ಪದಗಳನ್ನೆಲ್ಲ ಮುಂದಿನ ತಿಂಗಳ ಕನ್ನಡ ಕಾರ್ಯಕ್ರಮದಲ್ಲಿ ಓದುತ್ತೇನೆ.